ಓರೆ ಆಟದ ನಾಲ್ಕು ಮಂದಿ

೨೭ ಜುಲೈ ೨೦೨೫, ರವಿವಾರ

ಅಂಗನವಾಡಿಯ ಹಳೆಯ ತೂಕದ ರಿಜಿಸ್ಟರಿನಲ್ಲಿ ಅರವತ್ತು ಹಾಳೆ ಖಾಲಿ ಉಳಿದಿದ್ದವು. ಈಗ ಮಕ್ಕಳ ತೂಕವನ್ನೆಲ್ಲ ಮೊಬೈಲಿನಲ್ಲಿ ತುಂಬುವುದರಿಂದ ಇದನ್ನು ರದ್ದಿಗೆ ಹಾಕಲು ಹೇಳಿದ್ದರು. ನಾನು ಮನೆಗೆ ತಂದುಕೊಂಡೆ. ಎದೆಯೊಳಗಿನದನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕು. ಓಣಿಯಲ್ಲಿ ಹೇಳಿದರೆ ಸಂಜೆಯೊಳಗೆ ಯಲಬುರ್ಗಾ ತುಂಬ ಹರಡುತ್ತದೆ. ಹಾಳೆಯಾದರೆ ಕೇಳಿಕೊಂಡು ಸುಮ್ಮನಿರುತ್ತದೆ.

ನಮ್ಮವರಿಗೆ ಲಕ್ವಾ ಹೊಡೆದು ಇವತ್ತಿಗೆ ನಲವತ್ತೊಂದು ದಿನ. ಒಂಬತ್ತನೇ ತರಗತಿಯಲ್ಲಿ ಗಣಿತ ಹೇಳುತ್ತಿದ್ದಾಗ ಕೈಯಿಂದ ಚಾಕ್‌ಪೀಸು ಬಿತ್ತಂತೆ, ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲವಂತೆ. ಬಲಗಾಲು ಈಗ ಪರವಾಗಿಲ್ಲ, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾರೆ. ಬಲಗೈ ಇನ್ನೂ ತೊಡೆಯ ಮೇಲೇ ಇರುತ್ತದೆ. ಮಾತು ಮಾತ್ರ ಬಂದಿಲ್ಲ. ನಾವು ಅಂದದ್ದೆಲ್ಲ ಅವರಿಗೆ ತಿಳಿಯುತ್ತದೆ, ತಮಗೆ ಬೇಕಾದ ಮಾತು ನಾಲಿಗೆಗೆ ಸಿಗುವುದಿಲ್ಲ. ನೀರಿಗೂ "ಅದ", ಚಾದರಕ್ಕೂ "ಅದ", ಸಿಟ್ಟು ಬಂದರೆ "ಅದ, ಅದ". ಇಪ್ಪತ್ತಾರು ವರ್ಷ ಮಕ್ಕಳ ಕೈಲಿ ಮಗ್ಗಿ ಹೇಳಿಸಿದ ಬಾಯಿ ಅದು.

ನೋಡಲು ಬಂದವರು ಒಂದು ಡಜನ್ ಬಾಳೆಹಣ್ಣು ತರುತ್ತಾರೆ, ಹೋಗುವಾಗ ಒಂದು ಔಷಧ ಹೇಳುತ್ತಾರೆ. ಪಾರಿವಾಳದ ರಕ್ತ ಹಚ್ಚಿ ತಿಕ್ಕಿರಿ ಎಂದು ಇವತ್ತು ನಾಲ್ಕನೆಯವರು ಹೇಳಿ ಹೋದರು. ಹಣ್ಣು ನಾವು ತಿಂದೆವು, ಪಾರಿವಾಳ ಬದುಕಿಕೊಂಡಿತು.

೩೧ ಜುಲೈ, ಗುರುವಾರ

ಕೊಪ್ಪಳದ ಆಸ್ಪತ್ರೆಗೆ ಹೋಗಿ ಬಂದೆವು. ಮಾತು ಕಲಿಸುವ ಮೇಡಂ ಮೈಸೂರು ಕಡೆಯವರು, ವಯಸ್ಸಿನಲ್ಲಿ ನಮ್ಮ ಮಗಳು ಗಂಗಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಗಂಗಾ ಧಾರವಾಡದಲ್ಲಿ ಬಿ.ಎಡ್. ಓದುತ್ತಾ ತಿಂಗಳಿಗೊಮ್ಮೆ ಬಂದು ಅತ್ತು ಹೋಗುತ್ತಾಳೆ. ಈ ಮೇಡಂ ಅಳುವುದಿಲ್ಲ, ಅದೇ ಒಂದು ಧೈರ್ಯ.

ಆಕಳು, ಕೀಲಿಕೈ, ಲೋಟದ ಚಿತ್ರ ತೋರಿಸಿದರು. ಕೊನೆಗೆ, ನಿಮ್ಮ ಹೆಸರೇನು ಸರ್ ಎಂದು ಕೇಳಿದರು. ಇವರು ಮೇಡಂ ಮುಖವನ್ನೇ ಬಹಳ ಹೊತ್ತು ನೋಡಿದರು. ಹಣೆಯ ಮೇಲೆ ಬೆವರು ಬಂತು. "ಅದ" ಎಂದರು.

"ಮನೇಲಿ ಇವರನ್ನ ಹೆಸರು ಹಿಡಿದು ಕರೆಯೋರು ಯಾರಮ್ಮ?" ಎಂದು ಮೇಡಂ ನನ್ನ ಕಡೆ ತಿರುಗಿದರು.

ನಾನು ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ಮಗಳು ಅಪ್ಪಾ ಎನ್ನುತ್ತಾಳೆ. ಮೈದುನ ದುರಗೇಶ ಅಣ್ಣಾ ಎನ್ನುತ್ತಾನೆ. ಸಾಲಿಯಲ್ಲಿ ಸರ್, ಓಣಿಯಲ್ಲಿ ಮಾಸ್ತರ. ನಾನು ರೀ. ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮ ಅತ್ತೆ ಹುಲಿಗವ್ವ ಒಬ್ಬರೇ. ಅವರು ತೀರಿ ನಾಲ್ಕು ವರ್ಷವಾಯಿತು.

"ಯಾರೂ ಇಲ್ರಿ" ಎಂದೆ. ಅಂದ ಮೇಲೆ ನನಗೇ ಕಸಿವಿಸಿಯಾಯಿತು. ಐವತ್ತು ವರ್ಷದ ಮನುಷ್ಯ, ಹೆಸರು ಕೂಗಿ ಕರೆಯುವವರು ಈ ಮನೆಯಲ್ಲಿ ಒಬ್ಬರೂ ಉಳಿದಿಲ್ಲ.

"ಹಾಗಾದ್ರೆ ನೀವೇ ಕರೀಬೇಕು. ದಿನಕ್ಕೆ ಇಪ್ಪತ್ತು ಸಲ. ತುಂಬಾ ಪರಿಚಯದ ದನಿಯಲ್ಲಿ ಕೇಳಿದರೆ ಬೇಗ ಬರುತ್ತೆ. ನವೆಂಬರಿನಲ್ಲಿ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕಲ್ಲ, ಅವರು ಮೊದಲು ಕೇಳೋದೇ ಹೆಸರು."

ಬೋರ್ಡಿನವರು ಇವರು ಪಾಠ ಮಾಡಲು ಆಗುವುದಿಲ್ಲ ಎಂದು ಬರೆದರೆ ಸಾಲಿ ಮುಗಿಯಿತು. ಇನ್ನೂ ಹತ್ತು ವರ್ಷ ಸರ್ವಿಸ್ ಇದೆ. ಬೇಸಿಗೆ ರಜೆಯಲ್ಲೇ ಮೂರನೇ ವಾರಕ್ಕೆ ಮುಖ ಬಾಡಿಸಿಕೊಂಡು ಕೂಡುವ ಮನುಷ್ಯ, ಸಾಲಿ ಇಲ್ಲದೆ ಹತ್ತು ವರ್ಷ ಇದೇ ಗೋಡೆ ನೋಡುತ್ತಾ ಕೂತರೆ ಉಳಿಯುವುದಿಲ್ಲ. ನನಗೆ ಅದೊಂದೇ ಹೆದರಿಕೆ.

ಆಯಿತೆಂದು ತಲೆಯಾಡಿಸಿ ಬಂದೆ.

೧ ಆಗಸ್ಟ್, ಶುಕ್ರವಾರ

ಬಚ್ಚಲಲ್ಲಿ ನಿಂತು, ನೀರು ಬಿಟ್ಟುಕೊಂಡು ಒಮ್ಮೆ ಅಂದು ನೋಡೋಣ ಎಂದುಕೊಂಡೆ. ಬಾಯಿ ತೆರೆಯಿತು, ದನಿ ಬರಲಿಲ್ಲ.

ಈ ಪುಸ್ತಕದಲ್ಲೂ ಆ ಹೆಸರು ಬರೆಯಲೊಲ್ಲೆ. ಅರ್ಜಿಗಳಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಅರ್ಜಿ ಸರ್ಕಾರದ್ದು. ಇದು ನನ್ನ ಬಾಯಿ ಇದ್ದ ಹಾಗೆ. ಮದುವೆಯಲ್ಲಿ ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರು ಗಂಡನ ಹೆಸರು ಸೇರಿಸಿದ ಒಡಪು ಹೇಳಿಸಿಯೇ ಒಳಗೆ ಬಿಟ್ಟರು. ಹೀರಿಕಾಯಿ ಬಳ್ಳಿ ಹಂದರಕ ಹಬ್ಬೈತಿ ಎಂದೇನೋ ಶುರುಮಾಡಿ, ಕೊನೆಗೆ ಹೆಸರನ್ನು ನುಂಗಿ ಹೇಳಿ ಒಳಗೆ ಓಡಿದ್ದೆ. ಅದು ಶಾಸ್ತ್ರ, ತಪ್ಪಲ್ಲ.

ತಪ್ಪು ಮಾಡಿದ್ದು ಈ ವರ್ಷ ಜೂನ್ ಐದಕ್ಕೆ. ಯಾರಿಗೂ ಹೇಳಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಗ್ಯಾಸಿನ ಆಫೀಸಿಗೆ ಹೋಗಿದ್ದೆ. ಗಂಡನ ಹೆಸರೇನು ಎಂದು ಕೇಳಿದರು. ಎಲ್ಲಾ ಕಡೆ ನಾನು ಕಾರ್ಡು ಮುಂದೆ ಮಾಡಿ ಹೆಸರಿನ ಮೇಲೆ ಬೆರಳಿಡುತ್ತೇನೆ. ಆ ದಿನ ಕಾರ್ಡು ಮನೆಯಲ್ಲೇ ಉಳಿದಿತ್ತು. ಹಿಂದೆ ಇಪ್ಪತ್ತು ಮಂದಿ ಪಾಳಿ. "ಲಗೂನ ಹೇಳ್ರೆವಾ" ಎಂದು ಯಾರೋ ಗದರಿದರು. ಹೇಳಿಬಿಟ್ಟೆ. ಪೂರ್ತಿ ಹೆಸರು, ಗಟ್ಟಿಯಾಗಿ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹನ್ನೊಂದನೇ ದಿನಕ್ಕೆ ಇವರು ಬಿದ್ದರು.

ಪಾರಿವಾಳದ ರಕ್ತಕ್ಕೆ ನಕ್ಕವಳು ನಾನೇ. ಚುಚ್ಚುಮದ್ದು ಬೇಡ ಎನ್ನುವ ತಾಯಂದಿರಿಗೆ ಮೂಢನಂಬಿಕೆ ಬಿಡಿರಿ ಎಂದು ಭಾಷಣ ಮಾಡುವವಳೂ ನಾನೇ. ಆದರೆ ನನ್ನ ಬಾಯಿಂದಲೇ ಇವರಿಗೆ ಹೀಗಾಯಿತು ಎನ್ನುವುದು ಎದೆಯಲ್ಲಿ ಕೂತುಬಿಟ್ಟಿದೆ. ಇನ್ನು ದಿನಕ್ಕೆ ಇಪ್ಪತ್ತು ಸಲ ಎಲ್ಲಿಂದ ಕರೆಯಲಿ.

೧೦ ಆಗಸ್ಟ್, ರವಿವಾರ

ಕುಷ್ಟಗಿಯಿಂದ ಇಬ್ರಾಹಿಂಸಾಬ ಅಣ್ಣ ಬಂದಿದ್ದರು. ಇವರ ಹಳೆಯ ಗೆಳೆಯ, ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಪುಣ್ಯಾತ್ಮ ಬಾಳೆಹಣ್ಣು ತರಲಿಲ್ಲ, ಲ್ಯಾಪ್‌ಟಾಪ್ ತಂದರು.

"ಭಾಬಿ, ದವಾಖಾನಿ ಔಷಧ ನಡೀಲಿ. ನಂದೊಂದು ಬ್ಯಾರೆ ಐತಿ. ದೋಸ್ತ, ಇದು ನೆನಪೈತೇನಪಾ?" ಎಂದು ಪರದೆಯನ್ನು ಇವರ ಕಡೆ ತಿರುಗಿಸಿದರು.

ಕಪ್ಪು ಪರದೆ. ನಡುವೆ ಕಲ್ಲು ಹಾಸಿದ ಒಂದು ಕೋಣೆ, ಅದೂ ನೇರವಾಗಿಲ್ಲ, ಓರೆ. ನಮ್ಮ ಮಾಳಿಗೆಯ ಮೂಲೆಯಲ್ಲಿ ನಿಂತು ಪಕ್ಕದ ಮನೆಯ ಅಂಗಳ ನೋಡಿದರೆ ಎರಡು ಗೋಡೆ, ನೆಲ ಕಾಣುತ್ತವಲ್ಲ, ಹಾಗೆ. ನೆಲದ ಮೇಲೆ ಬೆರಳ ತುದಿಯಷ್ಟು ನಾಲ್ಕು ಗೊಂಬೆ. ಒಂದರ ಕೈಯಲ್ಲಿ ದೀವಟಿಗೆ.

ಇವರು ಮುಂದಕ್ಕೆ ಬಾಗಿದರು. ಐವತ್ತೈದು ದಿನದಲ್ಲಿ ಇವರು ಯಾವುದರ ಕಡೆಗೂ ಹಾಗೆ ಬಾಗಿರಲಿಲ್ಲ. ಎಡಗೈ ಬೆರಳಿನಿಂದ ದೀವಟಿಗೆಯನ್ನು ಮುಟ್ಟಿ, "ಅದ" ಎಂದರು. ಈ ಸಲದ "ಅದ" ಬೇರೆ ಇತ್ತು. ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ.

ಚಹಾ ಕುಡಿಯುತ್ತಾ ಅಣ್ಣ ಕಥೆ ಹೇಳಿದರು. ತೊಂಬತ್ತೇಳರಲ್ಲಿ ಅವರ ಅಣ್ಣ ಮರ್ದಾನಸಾಬರ ಟೈಪಿಂಗ್ ಕ್ಲಾಸಿಗೆ ಒಂದೇ ಒಂದು ಕಂಪ್ಯೂಟರ್ ಬಂದಿತ್ತಂತೆ. ಇವರು, ಇಬ್ರಾಹಿಂಸಾಬ ಅಣ್ಣ, ಈಗ ಕಾರಟಗಿಯ ಅಕ್ಕಿ ಗಿರಣಿಯಲ್ಲಿರುವ ಕಳಕಪ್ಪ, ಮೂವರೂ ಕ್ಲಾಸು ಮುಗಿದ ಮೇಲೆ ಅಲ್ಲೇ ಉಳಿದು ಈ ಆಟ ಆಡುತ್ತಿದ್ದರಂತೆ. ಹೈದರಾಬಾದಿನಿಂದ ಯಾರೋ ಎರಡು ಫ್ಲಾಪಿಯಲ್ಲಿ ತಂದುಕೊಟ್ಟಿದ್ದರಂತೆ.

"ಇಂಗ್ಲಿಷ್ ಹೆಸರು ಏನರ ಇರವಲ್ದ್ಯಾಕ, ನಾವು ಓರೆ ಆಟ ಅಂತಿದ್ವಿ. ಅದಕ್ಕಿಂತ ಮದಲಿನ ಆಟದಾಗ ನಾಕು ಮಂದಿ ಇದ್ರೂ ಎಲ್ಲಾರದೂ ಒಂದ ಹೆಜ್ಜಿ ಭಾಬಿ. ಒಂದ ಗಾಡಿಗೆ ಕಟ್ಟಿದಂಗ. ಇದ್ರಾಗ ಒಬ್ಬೊಬ್ಬನ್ನ ಬ್ಯಾರೆ ಬ್ಯಾರೆ ಕಳಸಬಹುದು. ಒಬ್ಬಾಂವ ಕಲ್ಲು ತುಳಕೊಂಡು ನಿಂತ್ರ ಬಾಗಲಾ ತೆರೀತೈತಿ, ಉಳಿದ ಮೂವರು ದಾಟಬೇಕು. ಆಮ್ಯಾಲ ಆ ಕಡಿಂದ ಹಿಡಿಕಿ ಜಗ್ಗಿ ಇವನ್ನ ಕರಕೋಬೇಕು. ಯಾರನ್ನೂ ಬಿಟ್ಟು ಹೋಗಾಂಗಿಲ್ಲ. ಬೆಳಕೂ ಅಷ್ಟ, ದೀವಟಿಗಿ ಇದ್ದಲ್ಲಿ ಅಷ್ಟ ಕಾಣ್ತೈತಿ, ಹಿಂದ ಉಳದಾಂವಗ ಕತ್ತಲ. ಆ ಕಾಲಕ್ಕ ಇಂಥಾದ್ದು ಯಾರು ಮಾಡಿದ್ರು."

ಪ್ರತಿ ಗೊಂಬೆಗೂ ಅದರದ್ದೇ ಚೀಲ, ಅದರದ್ದೇ ಹಸಿವೆ. ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಡದಿದ್ದರೆ ಸೊರಗುತ್ತವೆ. ಅಲ್ಲೂ ರೊಟ್ಟಿಯ ಚಿಂತೆ ತಪ್ಪಲಿಲ್ಲ ಎಂದುಕೊಂಡೆ.

ಮೂವರೂ ಗೊಂಬೆಗಳಿಗೆ ತಮ್ಮ ತಮ್ಮ ಹೆಸರಿಟ್ಟಿದ್ದರಂತೆ. ಅಣ್ಣ ಈಗಲೂ ಹಾಗೇ ಟೈಪ್ ಮಾಡಿದರು. ಮೊದಲನೆಯ ಗೊಂಬೆ ನಮ್ಮವರದು. ಮುಂದಿನ ರವಿವಾರ ಬರುತ್ತೇನೆಂದು ಹೇಳಿ ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ಹೋದರು. "ನೀವೂ ಜೋಡಿ ಕುಂದರ್ರಿ. ಒಂದ ಕೈಲಿಂದ ಅವಂಗ ಎಲ್ಲಾ ಆಗಂಗಿಲ್ಲ."

೧೩ ಆಗಸ್ಟ್, ಬುಧವಾರ

ಅಂಗನವಾಡಿಯಿಂದ ಬಂದು ಒಂದು ತಾಸು ಕೂತೆ. ಇಲಿ ಹಿಡಿದಂತೆ ಮೌಸ್ ಹಿಡಿದಿದ್ದೆ. ಇವರು ನಕ್ಕರು, ಬಾಯಿ ಒಂದು ಕಡೆಗಷ್ಟೇ ಹೋಯಿತು. ನಗಲಿ.

೧೭ ಆಗಸ್ಟ್, ರವಿವಾರ

ಇವತ್ತು ನಾನು ಇಬ್ರಾಹಿಂಸಾಬ ಅಣ್ಣನನ್ನು ಕೊಂದೆ.

ಅಣ್ಣ ನಮ್ಮ ಹಿಂದೆ ಖುರ್ಚಿ ಹಾಕಿಕೊಂಡು ಕೂತಿದ್ದರು. ಮೌಸ್ ಇವರ ಎಡಗೈಯಲ್ಲಿ, ದಾರಿ ಹೇಳುವುದು ನನ್ನ ಪಾಲು. ಮೇಲಿನಿಂದ ಬೀಳುವ ಕಲ್ಲಿನ ಬಾಗಿಲು, ಅದರ ಕೆಳಗೆ ಇಬ್ರಾಹಿಂ ನಿಂತಿದ್ದ. ಬಾಗಿಲು ಬೀಳದಂತೆ ಕಳಕಪ್ಪ ಕಲ್ಲು ತುಳಿದುಕೊಂಡಿದ್ದ. ನಮ್ಮವರ ಗೊಂಬೆ ಹಿಂದೆ ಉಳಿದಿತ್ತು, ಅದನ್ನು ಮುಂದೆ ತರಬೇಕಿತ್ತು. ಹೆಸರು ಹೇಳುವಂತಿಲ್ಲ. ನಾನು ಅಂಗಿಯ ಬಣ್ಣ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೆ.

"ಆ ಕೆಂಪಂಗ್ಯಾವನ್ನ ಮುಂದ ತರ್ರಿ" ಎಂದೆ.

ಕಳಕಪ್ಪನ ಅಂಗಿಯೂ ಕೆಂಪು. ಇವರು ಕಳಕಪ್ಪನನ್ನು ಕಲ್ಲಿನಿಂದ ಇಳಿಸಿದರು. ಬಾಗಿಲು ಧಡ್ ಎಂದು ಇಬ್ರಾಹಿಮನ ಮೇಲೆ ಬಿತ್ತು.

"ಇಪ್ಪತ್ತೆಂಟು ವರ್ಷ ಉಳಿಸಿಕೊಂಡು ಬಂದಿದ್ದೆ ಭಾಬಿ, ಒಂದು ವಾರದಾಗ ಮಣ್ಣು ಮಾಡಿದ್ರಿ" ಎಂದು ಅಣ್ಣ ನಕ್ಕರು. ಆಮೇಲೆ ಮೆಲ್ಲಗೆ, "ಹೆಸರು ಹೇಳಿದ್ರ ಮುಗೀತಿತ್ತಲ್ಲ" ಎಂದರು.

"ಹೆಂಗ್ ಹೇಳ್ಲಿ ಅಣ್ಣಾರ."

"ಆ ಗೊಂಬಿಗೆ ಹೇಳ್ರಿ. ಇವನಿಗ್ಯಾರು ಹೇಳಂದ್ರು?"

ಇವರು ನನ್ನನ್ನೇ ನೋಡುತ್ತಿದ್ದರು. ನಾನು ಪರದೆ ನೋಡಿದೆ.

ಆಟ ಮೊದಲಿನಿಂದ ಶುರುಮಾಡಬೇಕಾಯಿತು. ನಾಲ್ಕನೆಯ ಗೊಂಬೆಗೆ ಮಷಿನ್ನೇ ಕೊಟ್ಟ ಯಾವುದೋ ಪರದೇಶಿ ಹೆಸರಿತ್ತು. ಇವರು ಅದನ್ನು ಅಳಿಸಿದರು. ಕೀಬೋರ್ಡಿನ ಮೇಲೆ ಎಡಗೈಯ ಒಂದು ಬೆರಳು ಬಹಳ ಹೊತ್ತು ತಿರುಗಾಡಿತು. ಎಸ್ ಒತ್ತಿದರು. ಯು ಒತ್ತಿದರು. ಮುಂದೆ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಉಳಿದದ್ದನ್ನು ಅಣ್ಣ ಪೂರ್ತಿ ಮಾಡಿ, "ಸುರೇಖಾ. ಬರೋಬ್ಬರಿ ಏನ?" ಎಂದು ಕೇಳಿದರು. ಇವರು ಹೂಂ ಎಂದರು. ಇಪ್ಪತ್ನಾಲ್ಕು ವರ್ಷದಲ್ಲಿ ಇವರೂ ನನ್ನ ಹೆಸರು ಹಿಡಿದು ಕರೆದವರಲ್ಲ.

೧೯ ಆಗಸ್ಟ್, ಮಂಗಳವಾರ

ಅಂದೆ.

"ಹುಲಿಗೆಪ್ಪನ್ನ ಮುಂದ ತರ್ರಿ" ಎಂದೆ. ಗೊಂಬೆಗೇ ಅಂದದ್ದು. ಹುಲಿಗಿಯ ದೇವಿಗುಡಿಯ ದಿಕ್ಕಿಗೆ ಮುಖ ಮಾಡಿ ಅಮ್ಮನಿಗೂ ಮನಸ್ಸಿನಲ್ಲೇ ಹೇಳಿದೆ, ತಾಯಿ, ಇದು ಪರದೆಯ ಮೇಲಿನ ಗೊಂಬೆ, ಇದನ್ನು ಹಿಡಿಯಬೇಡ.

ಇವರು ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು.

"ನಿಮಗಲ್ರಿ, ಗೊಂಬಿಗೆ" ಎಂದೆ. ಕಿವಿ ಸುಡುತ್ತಿದ್ದವು.

೨೦ ಆಗಸ್ಟ್, ಬುಧವಾರ

ಬೆಳಿಗ್ಗೆ ಇವರು ಏಳುವ ಮೊದಲೇ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಆಶಾ ಕಾರ್ಯಕರ್ತೆ ಕಸ್ತೂರೆಮ್ಮನನ್ನು ಕರೆಸಿ ಬಿ.ಪಿ. ನೋಡಿಸಿದೆ. "ಮದಲಿಗಿಂತ ಛಲೋ ಐತಲ್ಲಕ್ಕ, ಯಾಕ ಗಾಬರಿ?" ಎಂದಳು. ಯಾಕೆಂದು ಹೇಳಲಿ.

೨೮ ಆಗಸ್ಟ್, ಗುರುವಾರ

ದಿನಾ ನೋಡುತ್ತಿದ್ದೇನೆ. ಬಿ.ಪಿ. ಸರಿ ಇದೆ. ಇವತ್ತು ಗೊಂಬೆಯ ಹೆಸರು ಹದಿನೈದು ಸಲವಾದರೂ ಹೇಳಿರಬೇಕು. ಅದು ಬಹಳ ಹಿಂದೆ ಬೀಳುತ್ತದೆ, ಏನು ಮಾಡಲಿ.

೧೧ ಸೆಪ್ಟೆಂಬರ್, ಗುರುವಾರ

ಮೇಡಂ ಬಹಳ ಖುಷಿಪಟ್ಟರು. ಇವರು ಚಿತ್ರ ನೋಡಿ "ಬಾಗಲಾ" ಎಂದರು, "ಕಲ್ಲ" ಎಂದರು. ಬೆಂಕಿಯ ಚಿತ್ರಕ್ಕೆ "ದೀವಟಿಗಿ" ಎಂದರು. ಐದು ತಿಂಗಳ ಮಗು ಮೊದಲ ಸಲ ಬೋರಲು ಬಿದ್ದ ಹಾಗೆ ನಾನು ಕೈ ತಟ್ಟಿದೆ. ಮೇಡಂ ಈ ಮಾತು ಎಲ್ಲಿ ಕಲಿತರು ಎಂದು ಕೇಳಿದರು. ಆಟದ ವಿಷಯ ಹೇಳಿದೆ, ಗೊಂಬೆಯ ವಿಷಯವನ್ನೂ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಗೊಂಬೆಗಾದ್ರೂ ಸರಿ ಅಮ್ಮ. ಬಿಡಬೇಡಿ" ಎಂದರು.

ಹೆಸರೇನು ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಬಾಯಿ ಕಟ್ಟುತ್ತದೆ. ಹೋದ ಸೋಮವಾರ ನಾನು ಗೊಂಬೆಯನ್ನು ಕರೆದ ಕೂಡಲೇ ತಾವೂ "ಹುಲಿಗೆಪ್ಪ" ಎಂದಿದ್ದರು. ತಾವಾಗಿ ಬರುವುದಿಲ್ಲ. ನನ್ನ ದನಿ ಮೊದಲು ಕೇಳಬೇಕು, ಆಮೇಲೆ ಸಿಗುತ್ತದೆ.

೨೪ ಸೆಪ್ಟೆಂಬರ್, ಬುಧವಾರ

ಆಟದ ಎರಡನೇ ಅಂತಸ್ತಿನಲ್ಲಿ ಎಂಟು ದಿನದಿಂದ ಸಿಕ್ಕಿಕೊಂಡಿದ್ದೇವೆ. ಇವರಿಗೆ ಒಂದು ಚಟ ಇದೆ. ಯಾರಾದರೂ ಕಲ್ಲು ತುಳಿದು ಹಿಂದೆ ಉಳಿಯಬೇಕೆಂದರೆ ತಮ್ಮ ಗೊಂಬೆಯನ್ನೇ ನಿಲ್ಲಿಸುತ್ತಾರೆ. ಸುರೇಖಾಳ ಕೈಗೆ ದೀವಟಿಗೆ ಕೊಟ್ಟು ಮುಂದೆ ಕಳಿಸುತ್ತಾರೆ. ಇವತ್ತು ನನಗೆ ಸಿಟ್ಟು ಬಂತು.

"ಯಾವಾಗ್ಲೂ ಹುಲಿಗೆಪ್ಪನ ಕತ್ತಲದಾಗ ಯಾಕ ನಿಂದರಬೇಕು? ಇವತ್ತ ನಾ ನಿಂದರ್ತೀನಿ" ಎಂದು ಮೌಸ್ ಕಸಿದುಕೊಂಡು ನನ್ನ ಗೊಂಬೆಯನ್ನು ಕಲ್ಲಿನ ಮೇಲೆ ನಿಲ್ಲಿಸಿದೆ.

ಇವರು ತಲೆ ಅಲ್ಲಾಡಿಸಿದರು. "ಬ್ಯಾಡ" ಎಂದರು. ಸ್ವಚ್ಛ ಮಾತು. ಜೂನ್ ತಿಂಗಳಾದ ಮೇಲೆ ನನಗೆ ಹೇಳಿದ ಮೊದಲ ಮಾತು ಬ್ಯಾಡ. ನಾನು ನಕ್ಕು ನಕ್ಕು ಅತ್ತೆ. ಬೇಡ ಎನ್ನುವ ಗಂಡನನ್ನು ಎಷ್ಟು ಬೈದಿದ್ದೆನೋ, ಇನ್ನು ಬೈಯಲಾರೆ.

೫ ಅಕ್ಟೋಬರ್, ರವಿವಾರ

ದಸರಾಕ್ಕೆ ಬಂದಿದ್ದ ಗಂಗಾ ಈ ಸಲ ಅಳಲಿಲ್ಲ. ಗೊಂಬೆಗಳಿಗೆ ನಾನು ಬೈಯುವುದನ್ನು ಬಾಗಿಲಲ್ಲಿ ನಿಂತು ಕೇಳಿದಳು. "ಅವ್ವ, ಅಪ್ಪನ ಹೆಸರು ಇಷ್ಟು ಸಲ ನಾನೂ ಹೇಳಿಲ್ಲ" ಎಂದಳು. ಗೊಂಬೆಯ ಹೆಸರು ಎಂದೆ. ಹೂಂ ಹೂಂ ಎಂದು ನಕ್ಕಳು. ಓದಿದ ಮಕ್ಕಳಿಗೆ ಎಲ್ಲದರಲ್ಲೂ ನಗೆ.

೧೬ ಅಕ್ಟೋಬರ್, ಗುರುವಾರ

ಹುಲಿಗೆಪ್ಪ ಇವತ್ತು ಬಲಗೈಯಿಂದ ಚಮಚ ಹಿಡಿದರು. ಅನ್ನ ಅರ್ಧ ಅಂಗಿಯ ಮೇಲೆ ಹೋಯಿತು, ಅರ್ಧ ಬಾಯಿಗೆ ಹೋಯಿತು. ಅಂಗಿ ಒಗೆದು ಹಾಕಿದೆ.

೨ ನವೆಂಬರ್, ರವಿವಾರ

ಓರೆ ಆಟ ಮುಗಿಯಿತು. ತೊಂಬತ್ತೊಂಬತ್ತರಲ್ಲಿ ಇವರಿಗೆ ನೌಕರಿ ಸಿಕ್ಕು ಗುಂಪು ಚದುರಿದಾಗ ಮೂರನೇ ಅಂತಸ್ತಿನಲ್ಲಿ ನಿಂತುಹೋಗಿದ್ದ ಆಟ. ಕಳಕಪ್ಪ ಕಾರಟಗಿಯಿಂದ ವಿಡಿಯೋ ಕಾಲ್‌ನಲ್ಲಿ ಸೇರಿಕೊಂಡಿದ್ದರು, ಹಿಂದೆ ಗಿರಣಿಯ ಸದ್ದು. ಕೊನೆಯ ಬಾಗಿಲು ದಾಟಿ ನಾಲ್ಕೂ ಗೊಂಬೆ ಬಯಲಿಗೆ ಬಂದವು. ಅಲ್ಲಿ ದೀವಟಿಗೆ ಬೇಕಿರಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದವು, ಪರದೆ ಕಪ್ಪಾಯಿತು.

"ಇಷ್ಟನ?" ಎಂದೆ. ಮೂರು ತಿಂಗಳು ದುಡಿದಿದ್ದಕ್ಕೆ ಒಂದು ಹಾರವಾದರೂ ಹಾಕಬೇಡವೇ.

ಇಬ್ರಾಹಿಂಸಾಬ ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. "ಈಗಿನ ಆಟ ಎಷ್ಟೋ ಚಂದ ಅದಾವು ಭಾಬಿ. ಇದು ನೋಡಾಕ ಏನೂ ಇಲ್ಲ. ಆದ್ರ ಒಬ್ಬನ್ನ ಹಿಂದ ಬಿಟ್ಟು ಮುಂದ ಹೋಗಾಕ ಬರಾಂಗಿಲ್ಲ ಅಂತ ಹೇಳಿದ್ದು ನಮಗ ಇದ ಮದಲು."

ಹುಲಿಗೆಪ್ಪ ಕಪ್ಪು ಪರದೆಯನ್ನು ನೋಡುತ್ತಾ "ಮತ್ತ" ಎಂದರು. ಮತ್ತೆ ಮೊದಲಿನಿಂದ. ಆಯಿತು ಮಾರಾಯರ, ಬೋರ್ಡು ಮುಗಿಯಲಿ ಎಂದೆ.

೧೪ ನವೆಂಬರ್, ಶುಕ್ರವಾರ

ಮಕ್ಕಳ ದಿನಾಚರಣೆ. ಅಂಗನವಾಡಿಯಲ್ಲಿ ಚಾಕಲೇಟು ಹಂಚಿ ಈಗ ಬಂದೆ. ನಿನ್ನೆಯದನ್ನು ಬರೆಯಬೇಕು.

ಬೋರ್ಡು ಹನ್ನೊಂದು ಗಂಟೆಗೆ ಇತ್ತು. ದುರಗೇಶ ಗಂಗಾವತಿಯಿಂದ ಕೊಪ್ಪಳಕ್ಕೇ ಬಂದಿದ್ದ. ಒಳಗೆ ಮೂವರು ಡಾಕ್ಟರು, ನಾನು, ದುರಗೇಶ ಇಬ್ಬರೂ ಬಾಗಿಲ ಹತ್ತಿರ ನಿಲ್ಲಬೇಕು, ಬಾಯಿ ಬಿಡಬಾರದು. ನಮ್ಮ ಹಿಂದೆ ಪಾಳಿ ಹಚ್ಚಿದ ಇಪ್ಪತ್ತು ಮೂವತ್ತು ಮಂದಿ.

ಹುಲಿಗೆಪ್ಪ ನಡೆದು ತೋರಿಸಿದರು. ಕೊಟ್ಟ ಲೆಕ್ಕವನ್ನು ಎಡಗೈಯಿಂದ ಬಿಡಿಸಿದರು, ಡಾಕ್ಟರೇ ತಪ್ಪಿದ್ದನ್ನು ಗುರುತು ಹಾಕಿ ತೋರಿಸಿದರು. ಮೂವರೂ ನಕ್ಕರು. ಗಡಿಯಾರ, ಪುಸ್ತಕ, ಕಿಟಕಿ, ಎಲ್ಲಾ ಹೇಳಿದರು. ನನ್ನ ಎದೆ ಹಗುರಾಗುತ್ತಾ ಬಂತು.

"ನಿಮ್ಮ ಹೆಸರು ಹೇಳ್ರಿ ಸರ್" ಎಂದು ನಡುವಿನವರು ಕೇಳಿದರು.

ಹುಲಿಗೆಪ್ಪ ಬಾಯಿ ತೆರೆದರು. ಮುಚ್ಚಿದರು. ಮೇಜಿನ ಅಂಚು ಹಿಡಿದರು. ಆಮೇಲೆ ಮೆಲ್ಲಗೆ ತಿರುಗಿ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಏನು ಬೇಕಾಗಿದೆ ಎಂದು ನನಗೆ ಗೊತ್ತಿತ್ತು, ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಮ್ಮೆ ಕರೆದರೆ ಸಾಕು. ಡಾಕ್ಟರು ಬೈಯಬಹುದು, ಬೈಯಲಿ. ಪಕ್ಕದಲ್ಲಿ ಮೈದುನ, ಹಿಂದೆ ಅಷ್ಟು ಮಂದಿ, ಎದುರಿಗೆ ಇವರೇ. ಗೊಂಬೆ ಇರಲಿಲ್ಲ. ನಾಲಿಗೆ ಏಳಲಿಲ್ಲ. ನಾನು ತಲೆ ತಗ್ಗಿಸಿದೆ.

"ಇರ್ಲಿ ಬಿಡ್ರಿ, ಭಾಳ ಸುಧಾರಿಸೀರಿ" ಎಂದು ಡಾಕ್ಟರು ಒಳ್ಳೆಯ ಮಾತಿನಲ್ಲೇ ಹೇಳಿದರು. ರಜೆ ಮುಂದುವರಿಸಿ, ಜನವರಿ ಎಂಟಕ್ಕೆ ಇನ್ನೊಮ್ಮೆ ಬರಲು ಬರೆದುಕೊಟ್ಟರು. ಆವತ್ತಿನದೇ ಕೊನೆಯ ತಪಾಸಣೆಯಂತೆ.

ಹೊರಗೆ ಬಂದ ಮೇಲೆ ದುರಗೇಶ, "ಮತ್ತೊಂದು ಚಾನ್ಸ್ ಐತಲ್ಲ ವೈನಿ, ಅಳಬ್ಯಾಡ್ರಿ" ಎಂದ. ನಾನು ಬೋರ್ಡಿಗಾಗಿ ಅಳುತ್ತಿರಲಿಲ್ಲ. ಅವರು ಕತ್ತಲಲ್ಲಿ ನಿಂತು ನನ್ನ ಕಡೆ ನೋಡಿದರು, ನಾನು ಬಿಟ್ಟು ಬಂದೆ. ಹುಲಿಗೆಪ್ಪ ನನ್ನ ಬೆನ್ನ ಮೇಲೆ ಎಡಗೈ ಇಟ್ಟುಕೊಂಡು ಆಟೋದವರೆಗೆ ನಡೆದರು. ಅದರಿಂದ ಇನ್ನೂ ಸಂಕಟವಾಯಿತು.

ದುರಗೇಶ ಗಂಗಾವತಿ ಬಸ್ಸು ಹತ್ತಿದ. ಯಲಬುರ್ಗಾ ಬಸ್ಸಿಗೆ ಗದ್ದಲವೋ ಗದ್ದಲ. ನಾನು ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದು, ನುಗ್ಗಿ ಹತ್ತಿ ಕೂತೆ. ಹುಲಿಗೆಪ್ಪ ಬಾಟಲಿ ತೋರಿಸಿ ನಳದ ಕಡೆ ಹೋದರು. ಗದ್ದಲ ಇಳಿಯಲಿ, ಆಮೇಲೆ ಹತ್ತಲಿ ಎಂದು ನಾನೂ ಸುಮ್ಮನಿದ್ದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಅವರು ನಳದ ಮುಂದೆ, ಬಸ್ಸಿಗೆ ಬೆನ್ನು ಮಾಡಿ, ಎಡಗೈಯಲ್ಲಿ ಬಾಟಲಿ ಹಿಡಿದು ನಿಂತಿದ್ದರು.

"ರೀ" ಎಂದೆ. "ರೀ, ಬರ್ರಿ ಲಗೂನ" ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಎಲ್ಲರಿಗೂ ರೀ. ಯಾರೂ ತಿರುಗಲಿಲ್ಲ. ಬಸ್ಸು ಗೇಟಿನ ಕಡೆ ಹೊರಟಿತು.

ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದೆ.

"ಹುಲಿಗೆಪ್ಪಾ."

ನಮ್ಮ ಸೀಮೆಯಲ್ಲಿ ಆ ಹೆಸರಿಗೆ ಬರವೇ. ಮೂರು ಮಂದಿ ತಿರುಗಿ ನೋಡಿದರು. ಒಬ್ಬರು ಬಂದರು. ಬಲಗಾಲು ಎಳೆಯುತ್ತಾ, ಬಾಟಲಿ ಎದೆಗವಚಿಕೊಂಡು, ಓಡಬಾರದೆಂದು ಡಾಕ್ಟರು ಹೇಳಿದ್ದರೂ ಓಡುತ್ತಾ ಬಂದರು. ನಾನು ಇನ್ನೂ ಎರಡು ಸಲ ಕೂಗಿದೆ. ಡ್ರೈವರ್ ಬ್ರೇಕು ಹಾಕಿದ.

ಕಂಡಕ್ಟರನಿಗೆ ಸಿಟ್ಟು ಬಂದಿತ್ತು. ಬಾಗಿಲಿಗೆ ಅಡ್ಡ ನಿಂತು, "ಯಾರ್ರಿ ಅವರು, ಊರೆಲ್ಲಾ ಕೇಳಂಗ ಒದರಿಸಿಕೊಂಡ ಹುಲಿಗೆಪ್ಪ?" ಎಂದು ಕೇಳಿದ.

ಅವರು ಕಂಬಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಉಸಿರು ಹತ್ತಿತ್ತು. ನನ್ನ ಕಡೆ ನೋಡಲಿಲ್ಲ, ಕಂಡಕ್ಟರನ ಮುಖವನ್ನೇ ನೋಡಿದರು.

"ನಾನ" ಎಂದರು. "ನಾನ್ರಿ. ಹುಲಿಗೆಪ್ಪ."

"ಹತ್ರಿ ಹಂಗಾರ" ಎಂದು ಅವನು ಸರಿದ.

ಬಂದು ನನ್ನ ಪಕ್ಕ ಕೂತರು. ಬಾಟಲಿಯಲ್ಲಿ ಅರ್ಧ ನೀರೂ ಇರಲಿಲ್ಲ, ಓಡುವಾಗ ಚೆಲ್ಲಿ ಅಂಗಿ ಒದ್ದೆಯಾಗಿತ್ತು. ಇದ್ದದ್ದನ್ನೇ ಇಬ್ಬರೂ ಕುಡಿದೆವು.